ಉಚ್ಚಂಗೆಪ್ಪನ ಬಡಾಯಿ

ಗುಡೇಕೋಟೆಯ ಉಚ್ಚಂಗೆಪ್ಪನಿಗೆ ಕುರಿ ನೂರಿಪ್ಪತ್ತು, ಹೆಂಡಿರು ಇಬ್ಬರು, ಬಡಾಯಿಗೆ ಮಾತ್ರ ಲೆಕ್ಕವಿಲ್ಲ. ವರ್ಷದಲ್ಲಿ ಎಂಟು ತಿಂಗಳು ಕುರಿ ಹೊಡೆದುಕೊಂಡು ಹಂಪಸಾಗರದ ಹೊಳೆದಂಡೆಯಲ್ಲೇ ಇರುವ ಮನುಷ್ಯ. ಊರಿಗೆ ಬಂದನೆಂದರೆ ಹೋಟೆಲಿನಲ್ಲಿ ಮಂಡಕ್ಕಿ-ಮಿರ್ಚಿ ಮುಂದಿಟ್ಟುಕೊಂಡು, "ನನ್ನ ಸಲುವಾಗಿ ಇಬ್ರೂ ದಿನಾ ಜುಟ್ಟಾಜುಟ್ಟಿ ನೋಡ್ರಿ. ಒಬ್ಬಾಕಿ ಈ ಕೈ ಹಿಡದು ಎಳದ್ರ, ಇನ್ನೊಬ್ಬಾಕಿ ಆ ಕೈ ಎಳೀತಾಳ," ಎಂದು ಮೀಸೆ ತಿರುವುತ್ತಿದ್ದ. ಅಬ್ಬಬ್ಬಾ, ಏನು ಗತ್ತು!

ನಿಜ ಬೇರೆಯೇ ಇತ್ತು. ಹಿರಿಯಳಾದ ತಿಪ್ಪೇರುದ್ರಮ್ಮ, ಮದುವೆಯಾದ ಆರನೇ ವರ್ಷಕ್ಕೆ ತಾನೇ ಹೋಗಿ ಹುಲುಗಮ್ಮನನ್ನು ನೋಡಿ ಗಂಡನಿಗೆ ಗಂಟು ಹಾಕಿದವಳು. ಮಕ್ಕಳಿಲ್ಲ ಎಂಬುದು ಊರಿಗೆ ಹೇಳಿದ ನೆಪ. ಎಂಟು ತಿಂಗಳು ಖಾಲಿ ಮನೆಯಲ್ಲಿ ಮಾತಿಗೊಬ್ಬರು ಬೇಕಿತ್ತು, ಅಷ್ಟೇ. ಇಪ್ಪತ್ತೆರಡು ವರ್ಷದಿಂದ ಇಬ್ಬರದೂ ಒಂದೇ ತಟ್ಟೆ, ಒಂದೇ ಎಲೆಅಡಿಕೆ ಚೀಲ. ಗಂಡ ಬಂದಾಗ ಹೊರಗೆ ಕಟ್ಟೆಯ ಮೇಲೆ ಅವನಿಗೆ ಕಂಬಳಿ ಹಾಸಿಕೊಡುತ್ತಿದ್ದರು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಸಿನಿಮಾದವರು ಬಂದರು. ಇಬ್ಬರು ಹೆಂಡಿರ ಸಂಸಾರದ ಕಥೆ. ಊರವರೇ ಪಾತ್ರ ಮಾಡಬೇಕು. ಹೋಟೆಲಿನ ಬಡಾಯಿ ಕೇಳಿದ ಡೈರೆಕ್ಟರ್ ನೇರ ಉಚ್ಚಂಗೆಪ್ಪನ ಅಂಗಳಕ್ಕೇ ಕ್ಯಾಮೆರಾ ತಂದಿಟ್ಟ. ಊರಿಗೆ ಊರೇ ನೆರೆಯಿತು. ಉಚ್ಚಂಗೆಪ್ಪನಿಗೆ ಒಂದೇ ಚಿಂತೆ. ಹೆಂಡಿರು ಜಗಳವಾಡದಿದ್ದರೆ ನಾಳೆ ಹೋಟೆಲಿಗೆ ಯಾವ ಮುಖ ಹೊತ್ತು ಹೋಗುವುದು? ಒಳಗೆ ಹೋಗಿ, "ಕೈ ಮುಗೀತೀನಿ, ಒಂದೀಟು ಹೊಡದಾಡ್ರೇ," ಎಂದು ಗೋಗರೆದ. ಇಬ್ಬರೂ ಆಗಲೆಂದು ತಲೆಯಾಡಿಸಿದರು.

ಕ್ಯಾಮೆರಾ ಓಡಿತು. "ಗಂಡ ನನಗೇ ಬೇಕು ಅನ್ನಿ," ಎಂದ ಡೈರೆಕ್ಟರ್.

"ಯಾಕ ಬೇಕ್ರೀ?" ಎಂದಳು ತಿಪ್ಪೇರುದ್ರಮ್ಮ.

ಹುಲುಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನೆರೆದ ಜನ ಬಿದ್ದುಬಿದ್ದು ನಕ್ಕರು. ಡೈರೆಕ್ಟರಿಗೆ ತಲೆ ಕೆಟ್ಟುಹೋಯಿತು.

"ಸರಿ ಕಣಮ್ಮ. ಗಂಡ ಕಿರಿ ಹೆಂಡ್ತೀನ ಕರ್ಕೊಂಡು ಊರು ಬಿಟ್ಟು ಹೋಗ್ತಿದಾನೆ. ಇನ್ನು ಇಬ್ರೂ ವಾಪಸ್ ಬರಲ್ಲ. ಈಗೇನ್ ಮಾಡ್ತೀರಿ?"

ಉಚ್ಚಂಗೆಪ್ಪ ಹುಲುಗಮ್ಮನ ಕೈ ಹಿಡಿದು ಠೀವಿಯಿಂದ ಅಂಗಳದ ಹೊರಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟ. ತಿಪ್ಪೇರುದ್ರಮ್ಮನ ಮುಖದ ನಗು ಮಾಯವಾಯಿತು. ಓಡಿ ಬಂದು ಹುಲುಗಮ್ಮನ ತೋಳು ಹಿಡಿದಳು.

"ಆತ ಬೇಕಾದ್ರ ಹೋಗ್ಲಿ ಬಿಡ್ರಿ, ಈಕಿನ್ನ ಮಾತ್ರ ನಾ ಕಳಸಂಗಿಲ್ಲ! ಈಕಿ ಇಲ್ದಿದ್ರ ನಾ ಯಾರ ಮಾರಿ ನೋಡ್ಲಿ?" ಎಂದು ಗೊಳೋ ಎಂದು ಅತ್ತುಬಿಟ್ಟಳು. ಹುಲುಗಮ್ಮ ಗಂಡನ ಕೈ ಕೊಡವಿ, "ಅಕ್ಕಾ, ನಾ ಎಲ್ಲಿಗೂ ಹೋಗಂಗಿಲ್ಲ," ಎನ್ನುತ್ತ ಅವಳ ಕೊರಳಿಗೆ ಬಿದ್ದಳು.

ಡೈರೆಕ್ಟರ್ ಕಣ್ಣೊರೆಸಿಕೊಂಡ. ಬಾಗಿಲ ಹತ್ತಿರ ಒಬ್ಬನೇ ಉಳಿದಿದ್ದ ಉಚ್ಚಂಗೆಪ್ಪ ಮೆಲ್ಲಗೆ ಕೇಳಿದ:

"ಸಾರ್, ಈಗ ನಾ ಹೋಗ್ಬೇಕೋ, ಇರ್ಬೇಕೋ?"