ಹಳೆ ಬಟ್ಟೆಯ ವಾಸನೆ ಬಿಡಿಸುವ ಆಯಿ

ಬಟ್ಟೆಯ ಒಂದು ಮಡಿಕೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, ಅದರ ಮೇಲೆ ‘ಹಾ...’ ಎಂದು ಬಾಯಿತುಂಬ ಬಿಸಿಯುಸಿರು ಬಿಟ್ಟು, ತಕ್ಷಣ ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದಳು ಆಯಿ. ಎಡ ಹೊಳ್ಳೆಯ ಮೂಗುಬಟ್ಟು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಆಮೇಲೆ ಒಂದೇ ಕಣ್ಣು ತೆರೆದು ತೀರ್ಪು ಕೊಡುವಳು: “ಬೀಡಿ. ಅದರ ಕೆಳಗ ಕೊಬ್ಬರಿ ಎಣ್ಣಿ. ಅದರ ಕೆಳಗ ಇಲಿ.” ಬಿಸಿಯುಸಿರು ಯಾತಕ್ಕೆ ಎಂದು ಕೇಳಿದರೆ, “ಒಣ ಬಟ್ಟಿ ಸುಳ್ಳ ಹೇಳ್ತೈತಿ, ಹಸಿ ಆದ್ರ ಖರೇ ಬಾಯಿ ಬಿಡ್ತೈತಿ” ಎನ್ನುವಳು.

ಶಹಾಪುರದಲ್ಲಿ ನಾವು ಬಾಡಿಗೆಗಿದ್ದ ಮನೆಗೆ ಹತ್ತಿದ ಮನೆ ಅವಳದು. ತವರು ಸುರಪುರ. ಗಂಡ ತೀರಿಕೊಂಡ ಮೇಲೆ ಹಿಡಿದ ಕಸುಬು ಹಳೆಯ ಮನೆಬಟ್ಟೆಯ ವ್ಯಾಪಾರ. ಯಾದಗಿರಿಯ ಲಾಡ್ಜುಗಳು ತೆಗೆದುಹಾಕಿದ ಪರದೆ, ಮದುವೆ ಹಾಲಿನವರಿಗೆ ಬೇಡವಾದ ಜಮಖಾನ, ಕಡೇಚೂರಿನ ಕಾರ್ಖಾನೆಗಳಿಗೆ ದುಡಿಯಲು ಬಂದವರು ಊರಿಗೆ ಮರಳುವಾಗ ಮಾರಿಹೋದ ಚಾದರ, ರಗ್ಗು, ಎಲ್ಲವೂ ಮೂಟೆ ಮೂಟೆಯಾಗಿ ಅವಳ ಅಂಗಳಕ್ಕೆ ಬಂದು ಬೀಳುತ್ತಿದ್ದವು. ಬರುವಾಗ ಓಣಿಯ ನಾಯಿಗಳೂ ಮೂಗು ಮುರಿಯುತ್ತಿದ್ದವು. ಸಂತೆಗೆ ಹೋಗುವಾಗ ಅವೇ ಬಟ್ಟೆಗಳಿಗೆ ಬಿಸಿಲಿನದಲ್ಲದೆ ಬೇರೆ ವಾಸನೆ ಇರುತ್ತಿರಲಿಲ್ಲ.

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಗುರುಮಠಕಲ್ ಕಡೆಯಿಂದ ವರ್ಗವಾಗಿ ಬಂದ ಹೊಸತರಲ್ಲಿ ಎಲ್ಲಿಂದಲೋ ಹಳೆಯ ಪರದೆಗಳನ್ನು ಕೊಂಡು ತಂದೆ. ಅವುಗಳ ಮುಗ್ಗಲು ವಾಸನೆ ತಡೆಯಲಾರದೆ ಗಂಡನ ಸೆಂಟಿನ ಬಾಟಲಿ ಪೂರಾ ಖಾಲಿ ಮಾಡಿದೆ. ಗೋಡೆಯಾಚೆಯಿಂದ ಆಯಿಯ ತಲೆ ಎದ್ದಿತು.

“ಅಕ್ಕೋರ, ಮನ್ಯಾಗ ಮದಿವಿ ಐತೇನ್ರಿ? ಓಣಿ ತುಂಬ ಅತ್ತರು ಹೊಡ್ಯಾಕತ್ತೈತಿ!”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. “ನಿಮಗ್ಯಾಕ್ರೀ?” ಎಂದುಬಿಟ್ಟೆ. ಅವಳು ನಕ್ಕಳು. ಅವತ್ತೇ ಸಂಜೆ ಬಂದು, ಹೇಳದೆ ಕೇಳದೆ ಪರದೆ ಬಿಚ್ಚಿಕೊಂಡು ಹೋದಳು. “ಹೊಲಸಿಗೆ ಅತ್ತರ ಹಚ್ಚಿದ್ರ ಅತ್ತರೂ ಹೊಲಸಾಗ್ತೈತ್ರಿ. ವಾಸನಿ ಮುಚ್ಚಬಾರದು, ಕಳಸಬೇಕು.”

ಕಳಿಸುವುದಕ್ಕೆ ಅವಳಿಗೆ ಅವಸರವಿರಲಿಲ್ಲ. ಬಂದ ಬಟ್ಟೆಗೆ ಮೊದಲು ನೀರು ತೋರಿಸುವುದೇ ಇಲ್ಲ. ಹಗ್ಗದ ಮೇಲೆ ನೆರಳಲ್ಲಿ ಹರವಿ ಗಾಳಿಗೆ ಬಿಡುವಳು; “ಬಂದ ಬೀಗರಿಗೆ ಕೂಡಾಕ ಹೇಳೂದಿಲ್ಲೇನು, ಹಂಗ” ಎನ್ನುವಳು. ಸೀಮೆಎಣ್ಣೆ ಬಿದ್ದಿದ್ದರೆ ಜರಡಿ ಹಿಡಿದ ಬೂದಿ ಉದುರಿಸಿ ಅದು ಹೀರಿಕೊಳ್ಳುವವರೆಗೆ ಕಾಯುವಳು. ಬೆವರಿನ ಕಮಟಿಗೆ ತಣ್ಣೀರು, ಸೋಡಾ. ಬಿಸಿನೀರು ಹಾಕಿದರೆ ಬೆವರು ನೂಲಿಗೆ ಕಚ್ಚಿಕೊಂಡು ಕೂರುತ್ತದಂತೆ. ಉಣ್ಣೆಗೆ ಅಂಟುವಾಳ ಕಾಯಿಯ ನೊರೆ. ಕೊನೆಗೆ, ಬುದ್ಧ ಮಲಗಿದಂತೆ ಕಾಣುವ ಊರ ಗುಡ್ಡದ ಬುಡಕ್ಕೆ ಹೊತ್ತೊಯ್ದು ಬಂಡೆಗಳ ಮೇಲೆ ಹಾಸುವಳು. ಶಹಾಪುರದ ಬಿಸಿಲನ್ನು ಎಲ್ಲರೂ ಬೈಯುವುದೇ. ಅದಕ್ಕೆ ಕೈಮುಗಿಯುತ್ತಿದ್ದವಳನ್ನು ನಾನು ಕಂಡದ್ದು ಅವಳೊಬ್ಬಳನ್ನೇ.

ನನ್ನ ಪರದೆ ವಾರ ಬಿಟ್ಟು ಮರಳಿತು. ಆ ಮೇಲೆ ನಾನು ಅವಳಿಗೆ ‘ಅಕ್ಕೋರು’ ಆಗಿ ಉಳಿಯಲಿಲ್ಲ, ‘ತಂಗಿ’ ಆದೆ.

ಈಗ ಕೌದಿಯ ಮಾತು ಹೇಳಬೇಕು. ನನ್ನ ತವರು ಸಗರ. ನನ್ನ ಮದುವೆಯಾದ ಮೇಲೆ ಅವ್ವ ತನ್ನ ಹಳೆಯ ಸೀರೆಗಳನ್ನು ಕತ್ತರಿಸಿ, ಇನ್ನೂ ಬಾರದ ಮೊಮ್ಮಗುವಿಗೆಂದು ಒಂದು ಚಿಕ್ಕ ಕೌದಿ ಹೊಲಿದಿಟ್ಟಿದ್ದಳು. ನಾನು ಬಸಿರಾಗುವ ಮುಂಚೆಯೇ, ಹತ್ತಿ ಬಿಡಿಸುವ ಕಾಲದಲ್ಲಿ, ಎದೆನೋವೆಂದು ಕೂತವಳು ಏಳಲಿಲ್ಲ. ನನಗೆ ಒಂದು ಮಾತು ಹೇಳಿ ಹೋಗಲಿಲ್ಲ. ತವರಲ್ಲಿ ಆಗಬೇಕಾದ ಬಾಣಂತನ ಹಾಗಾಗಿ ಶಹಾಪುರದಲ್ಲೇ ಆಯಿತು. ಅತ್ತೆ ಬಂದು ನಿಂತರು. ತೊಟ್ಟಿಲಿಗೆ ಹಾಕುವ ದಿನ ಮಗಳನ್ನು ಅವ್ವನ ಕೌದಿಯ ಮೇಲೆಯೇ ಮಲಗಿಸಬೇಕು ಎಂಬುದು ನನ್ನ ಒಂದೇ ಹಟ. ಅಣ್ಣ ತಂದುಕೊಟ್ಟ.

ಬಿಚ್ಚಿದರೆ ನುಸಿಗುಳಿಗೆಯ ಘಾಟು ತಲೆಗೇರಿತು. ಅದರ ಹಿಂದೆಯೇ ಹುಳಿತ, ಕೊಳೆತ ಇನ್ನೊಂದು ನಾತ. ಅತ್ತಿಗೆ ಪಾಪ, ಒಳ್ಳೆಯದಾಗಲೆಂದು ಒಮ್ಮೆ ತೊಳೆದು, ಯಾಕೋ ವಾಸನೆ ಬಂತೆಂದು ಗುಳಿಗೆ ಸುರಿದು ಟ್ರಂಕಿನಲ್ಲಿ ಇಟ್ಟಿದ್ದಳು. ಹತ್ತಿರ ತಂದದ್ದಕ್ಕೇ ಕೂಸು ಸೀನಿ ಸೀನಿ ಕೆಂಪಾಯಿತು.

“ಜೀವ ಇದ್ದದ್ದು ಮೊದಲು, ಯವ್ವಾ” ಎಂದರು ಅತ್ತೆ. “ಹೋದೋರ ಮ್ಯಾಲಿನ ಮಾಯಿ ಎದಿಯಾಗ ಇರ್ಲಿ. ಆ ಕೌದಿ ಹಳ್ಳಕ್ಕ ಒಗಿ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಜಗಳ ಮಾಡಲೂ ಆಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಯಿ ಮಾತ್ರ ಕೌದಿಯನ್ನು ಕಂಕುಳಲ್ಲಿ ಇರುಕಿಕೊಂಡಳು. “ತೊಟ್ಟಿಲ ದಿನದತನಕ ತಡೀರಿ. ಆವಾಗೂ ನಾತಿದ್ರ ನಾನs ಒಗೀತೀನಿ.”

ಹೊಲಿದ ಕೌದಿಯ ಮೂಲೆಯಲ್ಲಿ ಒಂದು ಚಿಟಿಕೆ ಜೋಳ ಇಟ್ಟು ಮುಚ್ಚುವ ಪದ್ಧತಿ ನಮ್ಮ ಕಡೆ ಕೆಲವು ಮನೆಗಳಲ್ಲಿದೆ. ಕೌದಿಯ ಉಡಿ ತುಂಬುವುದು ಎನ್ನುತ್ತಾರೆ. ಹೊದ್ದವರು ಹಸಿದು ಮಲಗಬಾರದೆಂದು. ತೊಳೆಯುವ ಮುಂಚೆ ಅದನ್ನು ಬಿಚ್ಚಿ ಕಾಳು ತೆಗೆಯಬೇಕು. ಆಯಿಗೆ ಇದು ಗೊತ್ತಿತ್ತು. ಮೂಲೆಗಳನ್ನೆಲ್ಲ ಹಿಚುಕಿ ನೋಡಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕೆಲಸ ಹಿಡಿದಳು. ಗಾಳಿಗೆ, ಬಿಸಿಲಿಗೆ ಗುಳಿಗೆಯ ಘಾಟೇನೋ ಹೋಯಿತು. ಆದರೆ ನೀರಿಗೆ ಹಾಕಿದ್ದೇ ತಡ, ಹುಳಿನಾತ ಮೊದಲಿಗಿಂತ ಜೋರಾಯಿತು. ಮತ್ತೆ ತೊಳೆದಳು, ಮತ್ತಷ್ಟು ಹೆಚ್ಚಿತು. ಅವಳು ಸೋತು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ನನ್ನ ಮೂಗಿಗೆ ಮುಪ್ಪು ಬಂತೇನ ತಂಗಿ?” ಎಂದಾಗ ನನಗೆ ಅಳು ಬಂತು. ತೊಟ್ಟಿಲ ದಿನ ಹತ್ತಿರವಾಗಿತ್ತು.

ಮರುದಿನ ಗೋಡೆಯಾಚೆಯಿಂದ ಕೂಗು ಬಂತು. ಬಾಣಂತಿ ಹೊಸಿಲು ದಾಟಬಾರದೆಂದು ಅತ್ತೆ ತಡೆದರು. ಆಯಿಯೇ ಹಸಿ ಕೌದಿ ಹಿಡಿದುಕೊಂಡು ಓಡಿಬಂದಳು. ಒಂದೊಂದೇ ತುಂಡಿಗೆ ಉಸಿರು ಬಿಟ್ಟು ಮೂಸುತ್ತ ಹೋದವಳಿಗೆ ನಟ್ಟನಡುವಿನ ಕೆಂಪು ತುಂಡಿನ ಹತ್ತಿರ ಕಳ್ಳ ಸಿಕ್ಕಿದ್ದ.

“ನಮ್ಮ ಸುರಪುರದಾಗ ಮೂಲ್ಯಾಗ ತುಂಬ್ತೀವಿ. ನಿಮ್ಮವ್ವ ನಡುವ ತುಂಬ್ಯಾಳ. ಹೊಟ್ಟಿ ನಡುವs ಇರ್ತೈತಲ್ಲ, ಶ್ಯಾಣ್ಯಾಕಿ! ನಿಮ್ಮ ಅತ್ತಿಗಿ ಕಾಳ ಸಮೇತ ತೊಳದಾಳ, ನಾನೂ ಅದನ್ನs ಮಾಡೀನಿ. ತೊಳದಷ್ಟೂ ಕೊಳತಾವ.” ಅವಳು ಕತ್ತರಿ ತೆಗೆದಳು.

“ಬ್ಯಾಡ ಆಯಿ!” ಎಂದು ನಾನು ಕೌದಿ ಕಸಿದುಕೊಂಡೆ. ಅವ್ವನ ಕೈಯ ಹೊಲಿಗೆ ಎಂದು ನನಗೆ ಉಳಿದದ್ದು ಅಷ್ಟೇ. ಅದಕ್ಕೆ ಕತ್ತರಿ ಹಾಕುವುದಾದರೆ ಹಳ್ಳಕ್ಕೆ ಒಗೆಯುವುದೂ ಅದೂ ಒಂದೇ ಎನಿಸಿತು.

ಆಯಿ ಕತ್ತರಿ ಕೆಳಗಿಟ್ಟಳು. ನನ್ನ ಪಕ್ಕ ಕೂತು, ಕೆಂಪು ತುಂಡಿನ ಅಂಚಿನ ಮೇಲೆ ನನ್ನ ಬೆರಳನ್ನು ಹಿಡಿದು ಆಡಿಸಿದಳು.

“ಕೈಗೆ ಏನು ಹತ್ತಾಕತ್ತೈತಿ?”

“ಗಂಟು.”

“ಬ್ಯಾರೆ ತುಂಡಿಗೆ ಎಲ್ಲಿ ಅದಾವ ಗಂಟು? ಎಲ್ಲಾ ಒಳಗ ಮುಚ್ಯಾಳ. ಇದೊಂದಕ್ಕs ಹೊರಗ ಬಿಟ್ಟಾಳ. ಯಾಕ? ಮುಂದ ತೊಳಿಯಾಕಿ ಬಿಚ್ಚಲಿ ಅಂತ. ಕತ್ತರಿ ಬ್ಯಾಡ. ಎಳಿ. ನೀನs ಎಳಿ.”

ಎಳೆದೆ. ದಾರ ಎಲ್ಲೂ ತೊಡರದೆ ಸರ್ರನೆ ಪೂರ್ತಿ ಹೊರಬಂತು. ಒಳಗೆ ಕಪ್ಪಗೆ ಅಂಟಾದ ಜೋಳ, ಅದರ ಜೊತೆ ಒಂದು ಅರಿಷಿಣ ಕೊಂಬು. ಅಷ್ಟು ಕೆಟ್ಟ ನಾತವನ್ನು ನಾನು ಹುಟ್ಟಿದಾಗಿನಿಂದ ಮೂಸಿರಲಿಲ್ಲ. ಆದರೂ ಕೌದಿಯನ್ನು ಎದೆಗೊತ್ತಿಕೊಂಡು ಮನಸಾರೆ ಅತ್ತುಬಿಟ್ಟೆ. ಆಯಿ ಸುಮ್ಮನಿರಿಸಲಿಲ್ಲ. “ಅಳು, ಅಳು. ಉಪ್ಪುನೀರು ಚಲೋ ಬಟ್ಟಿಗೆ” ಎಂದಳು.

ಆಮೇಲಿನದು ಅವಳಿಗೆ ನೀರು ಕುಡಿದಷ್ಟು ಸಲೀಸು. ಕೌದಿ ಬಂಡೆಯ ಮೇಲೆ ಬಿದ್ದು ಎದ್ದು ಬಂತು. ಮತ್ತೆ ಉಡಿ ತುಂಬು ಎಂದರೆ ಮಾತ್ರ ಒಲ್ಲೆನೆಂದಳು. ಅದು ಮನೆಯವರ ಕೆಲಸವಂತೆ. ನಾನು ಅಡುಗೆಮನೆಯತ್ತ ತಿರುಗುವಷ್ಟರಲ್ಲಿ ಅತ್ತೆಯೇ ತಮ್ಮ ಊರಿನ ಚೀಲದಿಂದ ಜೋಳ ಆರಿಸಿ ಸೆರಗಿನಲ್ಲಿ ತಂದು ನಿಂತಿದ್ದರು. ನಾನು ಹೊಲಿದೆ, ಗಂಟು ಹೊರಗೇ ಬಿಟ್ಟೆ. ತೊಟ್ಟಿಲ ದಿನ ಮಗಳು ಹಾಡು ಮುಗಿಯುವ ಮುಂಚೆಯೇ ಅದರ ಮೇಲೆ ನಿದ್ದೆ ಹೋದಳು.

ಕೊನೆಯ ವರ್ಷಗಳಲ್ಲಿ ಒಂದು ಜ್ವರ ಬಂದು ಆಯಿಯ ಮೂಗಿನ ಶಕ್ತಿಯನ್ನೇ ಒಯ್ದಿತು. ವ್ಯಾಪಾರ ಬಿಡಲಿಲ್ಲ. ಶಾಲೆಯಿಂದ ಬರುವ ನನ್ನನ್ನು ಕಾದು ಕೂತು, “ಬಾ, ಮೂಸಿ ಹೇಳು” ಎನ್ನುವಳು. ನಾನು ‘ಹಾ’ ಎಂದು ಉಸಿರು ಬಿಡುವಾಗ ಪರೀಕ್ಷೆ ಬರೆಯುವ ಹುಡುಗಿಯನ್ನು ನೋಡಿದಂತೆ ನೋಡುವಳು. ತಪ್ಪು ಹೇಳಿದೆನೋ, “ಮಕ್ಕಳಿಗೂ ಹಿಂಗs ಕಲಸ್ತೀಯೇನ?” ಎಂದು ಛೇಡಿಸುವಳು.

ಕಳೆದ ಬೇಸಿಗೆಯಲ್ಲಿ ಆಯಿ ಹೋದಳು. ಮಣ್ಣು ಕೊಟ್ಟು ಬಂದ ಮೇಲೆ, ಪದ್ಧತಿಯಂತೆ ಅವಳ ಹಾಸಿಗೆಯನ್ನು ಊರ ಹೊರಗೆ ಒಗೆಯಲು ಸುತ್ತಿಟ್ಟಿದ್ದರು. “ಕೌದಿ ನನಗ ಕೊಡ್ರಿ” ಎಂದೆ. ಮಣ್ಣಿಗೆಂದು ಬಂದಿದ್ದ ಆಯಿಯ ಸೊಸೆ ಗಾಬರಿಯಾದಳು. “ಅದ್ಯಾಕ್ರಿ ಅಕ್ಕೋರ? ವಾಸನಿ ಐತಿ.”

“ಅದಕ್ಕs ಕೇಳಾಕತ್ತೀನಿ.”

ಮನೆಗೆ ತಂದು, ತೊಳೆಯುವ ಮುಂಚೆ ಅವಳೇ ಕಲಿಸಿದಂತೆ ಮೊದಲು ಮೂಲೆಗಳನ್ನು ಹಿಚುಕಿದೆ. ಒಂದರಲ್ಲೂ ಕಾಳಿರಲಿಲ್ಲ. ಕೈ ತಾನಾಗಿಯೇ ನಡುವಿಗೆ ಹೋಯಿತು. ಅಲ್ಲಿ ಒಂದು ಹೊಸ ತುಂಡು, ಅದರ ಅಂಚಿನಲ್ಲಿ ಹೊರಗೆ ಬಿಟ್ಟ ಗಂಟು. ಸುರಪುರದ ಹೆಣ್ಣುಮಗಳು ಹುಟ್ಟಿದಾಗಿನ ರೂಢಿ ಬಿಟ್ಟು, ತಾನು ಮುಖವನ್ನೇ ನೋಡದ ನನ್ನ ಅವ್ವನ ರೀತಿಯಲ್ಲಿ ತನ್ನ ಕೌದಿಯ ಉಡಿ ತುಂಬಿಕೊಂಡಿದ್ದಳು. ನನಗೆ ಒಂದು ಮಾತೂ ಹೇಳಿರಲಿಲ್ಲ.

ದಾರ ಎಳೆದೆ. ಒಳಗಿನ ಜೋಳ ಬೆಳ್ಳಗಿತ್ತು. ಒಂದು ಕಾಳೂ ಕೆಟ್ಟಿರಲಿಲ್ಲ. ಅತ್ತೆ ನೋಡುತ್ತಿದ್ದರು, ಬೇಡ ಎನ್ನಲಿಲ್ಲ. ಆ ಕಾಳನ್ನು ನನ್ನ ಮಗಳ ಕೌದಿಗೆ ತುಂಬಿದೆ.