ಮುಟ್ಟಿದರೆ ಮಾತ್ರ ಹೂಂ ಅನ್ನಬೇಕು

ಬೆಳಿಗ್ಗೆ ಐದೂವರೆ. ಬೆನ್ನುಹುರಿಗೆ ಪೆಟ್ಟಾದವರ ವಾರ್ಡಿನಲ್ಲಿ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ಎಲ್ಲರೂ ‘ಹತ್ತಿ ಅಕ್ಕ’ ಎನ್ನುವ ನರ್ಸು ಹತ್ತಿಯ ಉಂಡೆಯಿಂದ ಒಂದೆಳೆ ಹಿರಿದು, ಏಣಿಯಿಂದ ಬಿದ್ದ ಪೇಂಟರನ ಕೆನ್ನೆಗೆ ತಾಗಿಸುತ್ತಾರೆ. ಆಮೇಲೆ ಸೇಫ್ಟಿ ಪಿನ್ನಿನ ಮೊನೆ. ಅವರ ಕೆಲಸ ನೋಡಿ ಬರೆಯಲು ಬಂದ ನಾನು ಪಕ್ಕದಲ್ಲಿ ನಿಂತಿದ್ದೇನೆ.

“ಇದು ಹತ್ತಿ, ಇದು ಪಿನ್ನು. ಗೊತ್ತಾಯ್ತಾ? ಈಗ ಕಣ್ಣು ಮುಚ್ಕೊ. ಮುಟ್ಟಿದ್ರೆ ಮಾತ್ರ ಹೂಂ ಅನ್ನು. ದಾಕ್ಷಿಣ್ಯಕ್ಕೆ ಬೀಳ್ಬೇಡ.”

ದೇಹದ ಒಂದು ಮಗ್ಗುಲಿಗೆ ಇಪ್ಪತ್ತೆಂಟು ಜಾಗ, ಎರಡೂ ಸೇರಿ ಐವತ್ತಾರು. ಪ್ರತಿಯೊಂದಕ್ಕೂ ಒಮ್ಮೆ ಹತ್ತಿ, ಒಮ್ಮೆ ಪಿನ್ನು. ಕೆನ್ನೆಯಲ್ಲಾದಂತೆಯೇ ಆದರೆ ಎರಡು, ಬೇರೆ ಥರ ಆದರೆ ಒಂದು, ಏನೂ ಆಗದಿದ್ದರೆ ಸೊನ್ನೆ. ದಿನಕ್ಕೆ ನಾಲ್ಕು ಜನ. ನರದ ದಾರಿ ಎಲ್ಲಿ ಕೆಟ್ಟಿದೆ ಎಂದು ಡಾಕ್ಟರಿಗೆ ಹೇಳುವುದು ಈ ಹಾಳೆ. ಹೆಸರು ಬರುವುದು ಡಾಕ್ಟರಿಗೆ, ಬಗ್ಗಿ ಬಗ್ಗಿ ಸೊಂಟ ನೋಯುವುದು ಅಕ್ಕನಿಗೆ. “ಊರಿಗೆಲ್ಲ ಪಿನ್ನಲ್ಲಿ ಚುಚ್ತಾಳೆ, ಮನೇಲಿ ಮಾತಲ್ಲೇ ಸಾಕು” ಎನ್ನುತ್ತಾರಂತೆ ಯಜಮಾನರು.

ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಬ್ಬ ದರ್ಜಿ ಮುಟ್ಟಿದಲ್ಲೆಲ್ಲ ಹೂಂ ಎಂದ. ಅಕ್ಕ ನಂಬಿ ಬರೆದರು. ಕಾಲಿಗೆ ಸ್ಪರ್ಶ ಇದೆಯಲ್ಲ ಎಂದು ಯಾರೋ ಬಿಸಿನೀರಿನ ಚೀಲ ಇಟ್ಟರು. ಹಿಮ್ಮಡಿ ಬೆಂದುಹೋದರೂ ಅವನಿಗೆ ತಿಳಿಯಲಿಲ್ಲ. “ಅವನು ಆಸೆಗೆ ಹೂಂ ಅಂದ. ನಾನು ಕೋಲೆ ಬಸವನ ಹಾಗೆ ತಲೆ ಆಡಿಸ್ದೆ” ಎನ್ನುವಾಗ ಇಪ್ಪತ್ತು ವರ್ಷದ ಮೇಲೂ ಅವರ ಮುಖ ಸಪ್ಪಗಾಗುತ್ತದೆ. ಅಂದಿನಿಂದ ನಡುನಡುವೆ ಮುಟ್ಟದೆಯೂ “ಈಗ?” ಎಂದು ಕೇಳುತ್ತಾರೆ.

ಪೇಂಟರ್ ಮಾತ್ರ ಒಮ್ಮೆಯೂ ತಪ್ಪುವುದಿಲ್ಲ. ಪಾದದವರೆಗೂ ಹೂಂ. ಅಕ್ಕ ಹತ್ತಿಯನ್ನು ಅವನ ಕಾಲಿಗೆ ಕೂದಲೆಳೆಯಷ್ಟು ದೂರದಲ್ಲಿ ಹಿಡಿಯುತ್ತಾರೆ. ಮಂಚದ ಕಾಲ್ದೆಸೆಯಲ್ಲಿ ನಿಂತ ಹೆಂಡತಿ ಮೆಲ್ಲಗೆ ಕೆಮ್ಮುತ್ತಾಳೆ. “ಹೂಂ” ಎನ್ನುತ್ತಾನೆ ಗಂಡ.

“ಏನಮ್ಮಾ, ಗಂಡನ ಕಾಲು ಮುಟ್ಟೋಕೆ ಹೋದ್ರೆ ನಿಂಗೆ ಕೆಮ್ಮು ಬರುತ್ತಾ?”

ಅವಳು ಅಳುತ್ತಾಳೆ. “ಸೊನ್ನೆ ಬರೆದ್ರೆ ಡಾಕ್ಟರು ಇವರನ್ನ ಕೈ ಬಿಡ್ತಾರೆ ಅಂತ ಯಾರೋ ಅಂದ್ರು ಅಕ್ಕಾ.”

“ಯಾರೂ ಕೈ ಬಿಡಲ್ಲ. ಸುಳ್ಳು ಬರೆದ್ರೆ ಕಾಲು ಸುಟ್ಕೋತಾನೆ. ಹೊರಗೆ ಕೂತ್ಕೊ ಹೋಗು.”

ಮತ್ತೆ ಮೊದಲಿನಿಂದ ಶುರು. ಹೊಕ್ಕುಳಿನ ಕೆಳಗೆ ಸೊನ್ನೆ. ತೊಡೆ ಸೊನ್ನೆ. ಮೊಣಕಾಲು, ಪಾದ, ಎಲ್ಲ ಸೊನ್ನೆ. ಕೊನೆಯ ಜಾಗ ಗುದದ ಸುತ್ತಲಿನ ಚರ್ಮ. ಅಲ್ಲಿ ಚೂರು ಸ್ಪರ್ಶ ಉಳಿದಿದ್ದರೂ ಬೆನ್ನುಹುರಿಯ ದಾರಿ ಪೂರ್ತಿ ಮುಚ್ಚಿಲ್ಲ ಎಂದರ್ಥ. ನನ್ನನ್ನು ಆಚೆ ಕಳಿಸಿ ಅಕ್ಕ ಪರದೆ ಎಳೆಯುತ್ತಾರೆ.

“ಈಗ?”

“ಇಲ್ಲ.”

“ಈಗ?”

“ಹೂಂ... ಏನೋ ಚುಚ್ಚಿದ ಹಾಗಾಯ್ತು. ಕೆನ್ನೇಲಾದಷ್ಟಿಲ್ಲ.”

ಅಕ್ಕ ಅಷ್ಟಕ್ಕೇ ಒಪ್ಪುವವರಲ್ಲ. ಪಿನ್ನಿನ ಮೊನೆ, ಅದರ ಮೊಂಡು ತುದಿ, ಬರೀ ಗಾಳಿ ಎಂದು ಬದಲಾಯಿಸುತ್ತಾ ಹತ್ತು ಸಲ ಕೇಳುತ್ತಾರೆ. ಒಂಬತ್ತು ಸಲ ಉತ್ತರ ಸರಿ. ಹಾಳೆಯ ಕೊನೆಯ ಚೌಕದಲ್ಲಿ ಒಂದು ಎಂದು ಬರೆಯುತ್ತಾರೆ.

ಹೆಂಡತಿ ಒಳಬಂದು ಹಾಳೆಯ ಮೇಲೆ ಬೆರಳಾಡಿಸುತ್ತಾಳೆ. “ಇಷ್ಟೊಂದು ಸೊನ್ನೆಯ ಕೆಳಗೆ ಒಂದೇ ಒಂದಾ? ಎರಡು ಹಾಕ್ಬಾರದಿತ್ತಾ ಅಕ್ಕಾ?”

“ಹಾಕಿದ್ರೆ ಅದು ನಾನು ಕೊಟ್ಟಿದ್ದಾಗ್ತಿತ್ತು” ಎನ್ನುತ್ತಾರೆ ಹತ್ತಿ ಅಕ್ಕ. “ಈ ಒಂದು ಅವನದೇ.”