ಸೋಲುವಾಗ ಬದಲಿಸಿದ ಕುರ್ಚಿ

ಗೆಳತಿಯರೇ, ತರಗತಿಗೇ ಮೊದಲಿಗಳಾದ ನನಗೂ ಅರ್ಥವಾಗದ ಸಂಗತಿಯೊಂದು ಇಂದು ವಿದ್ಯಾನಗರದ ಇಂಟರ್ನೆಟ್ ಕೇಂದ್ರದಲ್ಲಿ ನಡೆಯಿತು. ತಾಳ್ಮೆಯಿಂದ ಲೆಕ್ಕ ಹಾಕಿ ಆಡುವವರಿಗೇ ಕೊನೆಗೆ ಗೆಲುವೆಂದು ನಾಳೆಯ ಗಣಿತದ ಸೆಮಿನಾರಿನಲ್ಲಿ ಸೂತ್ರ ಬರೆದು ಸಾಧಿಸಬೇಕಿರುವ ನಾನು, ಹಣದ ಬದಲು ಪುಕ್ಕಟೆ ಬಿಲ್ಲೆಗಳನ್ನಿಟ್ಟು ಆಡುವ ಪೋಕರ್ ಎಂಬ ಆನ್‌ಲೈನ್ ಇಸ್ಪೀಟಾಟದಲ್ಲಿ ಒಂದೇ ಸಮನೆ ಸೋಲುತ್ತಿದ್ದೆ. ಎಲ್ಲಕ್ಕಿಂತ ಬಲವಾದ ಜೋಡಿ ಎಕ್ಕ ಹಿಡಿದೂ ಸೋತಾಗ ಸಿಟ್ಟು ನೆತ್ತಿಗೇರಿ, ಕೆಟ್ಟ ಎಲೆಗಳ ಮೇಲೂ ಇದ್ದದ್ದೆಲ್ಲವನ್ನೂ ಪಣಕ್ಕೊಡ್ಡತೊಡಗಿದೆ.

ಹರಿಹರದಿಂದ ಬಂದು ಪಕ್ಕದಲ್ಲಿ ಕುಳಿತಿದ್ದ ದೊಡ್ಡಮ್ಮ ತಡೆದರು. "ಏಳವ್ವ, ಆ ಖಾಲಿ ಕುರ್ಚಿಗೆ ಹೋಗು. ಇಸ್ಪೀಟ್ನಾಗ ಸೋಲ್ತಿದ್ರೆ ನಾವು ಜಾಗ ಬದಲಾಯಿಸ್ತೀವಿ."

"ದೊಡ್ಡಮ್ಮ, ಎಲೆ ಹಂಚೋದು ಯಾವುದೋ ದೇಶದ ಕಂಪ್ಯೂಟರ್. ನಾನೆಲ್ಲಿ ಕುಂತೀನಿ ಅಂತ ಅದಕ್ಕೆ ಹೆಂಗೆ ಗೊತ್ತಾಗ್ತೈತೆ?"

"ಅದಕ್ಕೆ ಗೊತ್ತಾಗೋದು ಬ್ಯಾಡ, ನಿನಗೆ ಗೊತ್ತಾದ್ರೆ ಸಾಕು. ಏಳು."

ಎದ್ದು ಬೇರೆ ಕಂಪ್ಯೂಟರಿನ ಮುಂದೆ ಕುಳಿತೆ. ಆಟ ಮತ್ತೆ ತೆರೆದುಕೊಳ್ಳುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಕೆಟ್ಟ ಎಲೆಗಳನ್ನು ಬಿಟ್ಟು, ಒಳ್ಳೆಯದಕ್ಕೆ ಕಾದು, ಲೆಕ್ಕದಂತೆಯೇ ಆಡಿ, ಮತ್ತೆ ಸೋತೆ. ಈ ಬಾರಿ ನಗು ಬಂತು.

"ನೋಡಿದ್ಯಾ, ಜಾಗ ಬದಲಾಯಿಸಿದ್ದು ಚಲೋ ಆತು!" ಎಂದರು ದೊಡ್ಡಮ್ಮ.

ಸೋತಿದ್ದೆನಾದರೂ, ಅದೇ ಕುರ್ಚಿಯಲ್ಲೇ ಕುಳಿತು ಮುಂದಿನ ಆಟ ತೆರೆದೆ. ನಾಳೆ ಹಲಗೆಯ ಮೇಲೆ ಸೂತ್ರವನ್ನೇನೋ ಬರೆದೇನು. ಅದರಲ್ಲಿ ಕುರ್ಚಿಯನ್ನು ಎಲ್ಲಿಡಬೇಕೆಂದು ಬಲ್ಲವರು ದಯವಿಟ್ಟು ಇಂದೇ ತಿಳಿಸಿ.